ಬರಿಗೈಯಲ್ಲಿ ಊರಿಗೆ ಹೊರಟವರಿಗೆ ಕಿಟ್ಟಣ್ಣನ ಪೊಟ್ಟಣ

ಬಹರೈನಿನ ಗುದೈಬಿಯಾದ ಮಸೀದಿಯಲ್ಲಿ ಬೆಳಗಿನ ನಮಾಝು ಮುಗಿಸಿದವರು ಚಹಾದಂಗಡಿಯ ಕಡೆ ತಿರುಗುವ ಹೊತ್ತಿಗೆ ಕಿಟ್ಟಣ್ಣ ಅಂದಿನ ಒಂಬತ್ತನೆಯ ಪೆಟ್ಟಿಗೆಯ ಮೇಲೆ ಮೊಣಕಾಲೂರಿ ಕೂತಿದ್ದಾರೆ. ಹಗ್ಗದ ಒಂದು ತುದಿ ಹಲ್ಲಿನಲ್ಲಿ, ಇನ್ನೊಂದು ಬಲಗೈಯಲ್ಲಿ. ಎಳೆದ ಏಟಿಗೆ ರಟ್ಟಿನ ಪೆಟ್ಟಿಗೆ ಒಮ್ಮೆ ನರಳಿ ಸುಮ್ಮನಾಗುತ್ತದೆ. ಜನವರಿಯ ಚಳಿ, ಊರಿಗೆ ಸಾಮಾನು ಕಳಿಸುವ ಕಾರ್ಗೋ ಅಂಗಡಿಯ ಶಟರು ಅರ್ಧ ಮಾತ್ರ ತೆರೆದಿದೆ. ಆರೂವರೆಗೆ ಬಂದರಿಗೆ ಹೋಗುವ ವ್ಯಾನು ಬರುತ್ತದೆ, ಅಷ್ಟರೊಳಗೆ ಇನ್ನೂ ಏಳು ಪೆಟ್ಟಿಗೆ ಕಟ್ಟಬೇಕು.

ಹಗ್ಗ ಬಿಗಿಯಾದ ಮೇಲೆ ಬರವಣಿಗೆ. ಕಿವಿಯ ಸಂದಿಯಲ್ಲಿ ಸಿಕ್ಕಿಸಿಕೊಂಡ ಕಪ್ಪು ಮಾರ್ಕರು ತೆಗೆದು ಹೆಸರು, ಮನೆ, ಅಂಚೆ, ತಾಲೂಕು, ಫೋನ್ ನಂಬರು ಬರೆಯುತ್ತಾರೆ. ಒಂದು ಸಲವಲ್ಲ, ಆರು ಸಲ, ಪೆಟ್ಟಿಗೆಯ ಆರೂ ಮೈಗೆ. "ಪೆಟ್ಟಿಗೆ ಹೇಗೆ ಬಿದ್ರೂ ಹೆಸ್ರು ಮೇಲೆ ಕಾಣ್ಬೇಕು ಮಾರಾಯ್ರೆ" ಎನ್ನುತ್ತಾರೆ. ದಿನಕ್ಕೆ ನಲವತ್ತು ಪೆಟ್ಟಿಗೆ, ರಂಜಾನಿನ ಮುಂಚಿನ ವಾರದಲ್ಲಿ ಎಪ್ಪತ್ತು. ಹನ್ನೊಂದು ಪೆಟ್ಟಿಗೆಗೆ ಒಂದು ಮಾರ್ಕರು ಖಾಲಿ. ಈ ಲೆಕ್ಕದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅವರ ಬಲಗೈಯ ತೋರುಬೆರಳು ಕಪ್ಪಾಗಿಯೇ ಇದೆ. ಊರು ಹೆಜಮಾಡಿ. ಅಪ್ಪ ದೋಣಿಯವರು, ಗಂಟು ಕಲಿಸಿದ್ದು ಅವರೇ. ಈ ಗಂಟನ್ನು ಕತ್ತರಿಯಿಲ್ಲದೆ ಒಂದೇ ಎಳೆತಕ್ಕೆ ಬಿಚ್ಚಬಹುದು, ಆದರೆ ಯಾವ ತುದಿ ಎಳೆಯಬೇಕೆಂದು ತಿಳಿದಿರಬೇಕು.

ಅರ್ಧ ತೆರೆದ ಶಟರಿನ ಕೆಳಗಿನಿಂದ ಬಗ್ಗಿ ಒಬ್ಬ ಹುಡುಗ ಒಳಗೆ ಬರುತ್ತಾನೆ. ಹುಡುಗನೆಂದರೂ ವಯಸ್ಸು ಮೂವತ್ತೊಂದು. ಅವನನ್ನು ಸುಹೈಬ್ ಎಂದು ಕರೆಯೋಣ, ನಿಜ ಹೆಸರು ಬೇಡ. ಊರು ಉಪ್ಪಿನಂಗಡಿಯ ಹತ್ತಿರ. ಪಕ್ಕದ ಹೂರಾದ ಒಂದು ರೆಸ್ಟೋರೆಂಟಿನಲ್ಲಿ ಏಳು ವರ್ಷಗಳಿಂದ ಜ್ಯೂಸ್ ಮಾಡುವವನು. ಬಗಲಲ್ಲಿ ಒಂದು ಪೆಟ್ಟಿಗೆ. ಸಂಜೆಯ ವಿಮಾನ, ಕಟ್ಟಿ ಕೊಡಬೇಕು ಎನ್ನುತ್ತಾನೆ.

ಕಿಟ್ಟಣ್ಣ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳುತ್ತಾರೆ. "ಇದರಲ್ಲಿ ಯಾರ್ಯಾರ ಸಾಮಾನು ಉಂಟು?"

ಸುಹೈಬ್ ನೆಲ ನೋಡುತ್ತಾನೆ. "ನನ್ನದು ಮಾತ್ರ."

ಗಲ್ಫಿನಲ್ಲಿ ದುಡಿಯದವರಿಗೆ ಈ ಉತ್ತರ ಸಾಮಾನ್ಯವಾಗಿ ಕೇಳಬಹುದು. ಕಿಟ್ಟಣ್ಣನಿಗೆ ಹಾಗಲ್ಲ. ಇಲ್ಲಿಂದ ಯಾರಾದರೂ ಊರಿಗೆ ಹೊರಟರೆಂದು ಗೊತ್ತಾದರೆ ಸಾಕು, ರೂಮಿನವರು, ಪಕ್ಕದ ರೂಮಿನವರು, ಮುಖಪರಿಚಯವೂ ಇಲ್ಲದ ನೆಂಟರ ನೆಂಟರು ಒಂದೊಂದು ಪೊಟ್ಟಣ ಹಿಡಿದು ಬರುತ್ತಾರೆ. ಮಗಳಿಗೊಂದು ವಾಚು, ಅಮ್ಮನಿಗೆ ಮೊಣಕಾಲಿನ ಮುಲಾಮು, ಹಾಲಿನ ಪುಡಿಯ ಡಬ್ಬ. ಹೋಗುವವನ ಸ್ವಂತ ಅಂಗಿಗೆ ಜಾಗವಿಲ್ಲದಿದ್ದರೂ ಇವು ಹೋಗಲೇಬೇಕು. ಬೈದುಕೊಂಡೇ ಎಲ್ಲರೂ ಒಯ್ಯುತ್ತಾರೆ. ಅಂಥ ಊರಿನಲ್ಲಿ ಏಳು ವರ್ಷ ದುಡಿದವನ ಪೆಟ್ಟಿಗೆಯಲ್ಲಿ ಬೇರೆಯವರದ್ದು ಒಂದು ಸೋಪೂ ಇಲ್ಲವೆಂದರೆ ಅದಕ್ಕೆ ಒಂದೇ ಅರ್ಥ. ಅವನ ಕೈ ಮುಟ್ಟಿದ್ದು ತಮ್ಮ ಮನೆಗೆ ಹೋಗುವುದು ಅವರಿಗೆ ಬೇಡ.

"ಮೆಡಿಕಲ್ಲಾ?" ಕಿಟ್ಟಣ್ಣ ದನಿ ತಗ್ಗಿಸಿ ಕೇಳುತ್ತಾರೆ.

ಸುಹೈಬ್ ಹೂಂ ಎಂದು ಪೆಟ್ಟಿಗೆಯ ಮೇಲೆಯೇ ಕೂರುತ್ತಾನೆ.

ವೀಸಾದ ಕೆಲಸಕ್ಕೆ ರಕ್ತ ಪರೀಕ್ಷೆಯಾಗಿತ್ತು. ಹೊರಗಿನಿಂದ ದುಡಿಯಲು ಬಂದವನ ರಕ್ತದಲ್ಲಿ ಎಚ್‌ಐವಿ ಕಂಡರೆ ಅವನು ಇಲ್ಲಿ ದುಡಿಯುವಂತಿಲ್ಲ. ಆ ನಿಯಮದ ಜೊತೆ ಜಗಳವಾಡಲು ಕಿಟ್ಟಣ್ಣನಿಗೆ ಶಕ್ತಿಯಿಲ್ಲ. ಅವರ ಸಿಟ್ಟು ಬೇರೆಯದು. ಫಲಿತಾಂಶದ ಕಾಗದ ಬಂದದ್ದು ರೆಸ್ಟೋರೆಂಟಿನ ಕಾಗದಪತ್ರ ಓಡಾಡಿಸುವ ಮಂದೂಬನ ಕೈಗೆ. ಮಂದೂಬ ಅದನ್ನು ಮ್ಯಾನೇಜರನಿಗೆ ತೋರಿಸಿದ, ಮ್ಯಾನೇಜರ್ ಅಡುಗೆಯವನಿಗೆ ಹೇಳಿದ, ಅಡುಗೆಯವನು ರೂಮಿಗೆ ಬಂದು ಒಂಬತ್ತು ಜನರಿಗೆ ಹೇಳಿದ. ಸುಹೈಬನಿಗೆ ಸಿಕ್ಕಿದ್ದು ಎರಡೇ ಮಾತು: "ಅನ್‌ಫಿಟ್. ಖಲಾಸ್." ತನ್ನ ರಕ್ತದಲ್ಲಿ ಏನಿದೆಯೆಂದು ಅವನಿಗೆ ಗೊತ್ತಾದದ್ದು ಕೆಲಸ ಮುಗಿಸಿ ರೂಮಿಗೆ ಹೋದಾಗ. ಅವನ ಹಾಸಿಗೆ ಮೆಟ್ಟಿಲ ಬಳಿ ಇತ್ತು. ಊಟದ ತಟ್ಟೆ ಕಸದ ಚೀಲದಲ್ಲಿತ್ತು. ಬಚ್ಚಲು ಡೆಟಾಲಿನ ವಾಸನೆ ಹೊಡೆಯುತ್ತಿತ್ತು. ಹಾಸಿಗೆಯ ಮೇಲೆ ಯಾರೋ ದಯೆ ತೋರಿದವರಂತೆ ಬಾಳೆಹಣ್ಣು ಇಟ್ಟಿದ್ದರು.

ಏಳು ವರ್ಷ ಅದೇ ಒಂಬತ್ತು ಜನ ಅವನು ಹಿಂಡಿದ ಮೂಸಂಬಿ ರಸ ಕುಡಿದವರು. ಅವನು ಕಟ್ಟಿಕೊಟ್ಟ ಇಫ್ತಾರ್ ತಿಂದವರು. ಒಂದೇ ಬಟ್ಟಲಿನಲ್ಲಿ ಉಂಡರೆ, ಒಂದೇ ಪಾಯಿಖಾನೆ ಬಳಸಿದರೆ, ಕೈ ಕುಲುಕಿದರೆ ಎಚ್‌ಐವಿ ಬರುವುದಿಲ್ಲವೆಂದು ಮೂವತ್ತು ವರ್ಷಗಳಿಂದ ಗೋಡೆಗೋಡೆಗಳ ಮೇಲೆ ಬರೆಸಿದ್ದು ಯಾರಿಗಾಗಿ? ಇವರೆಲ್ಲ ಓದು ಬಾರದವರಲ್ಲ. ದಿನಕ್ಕೆ ಐದು ಗಂಟೆ ಫೋನು ಉಜ್ಜುವವರು. ಲೋಕದ ಸುದ್ದಿಯೆಲ್ಲ ಬೇಕು, ಇದೊಂದು ವಿಷಯ ತಿಳಿಯಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಕಿಟ್ಟಣ್ಣ ಯಾವ ಪ್ರಶ್ನೆಯನ್ನೂ ಮುಂದುವರಿಸುವುದಿಲ್ಲ. ಎಲ್ಲಿಂದ ಬಂತು, ಯಾರ ಸಹವಾಸ, ಯಾವಾಗ, ಎಂಬುದನ್ನೆಲ್ಲ ಉಳಿದವರು ಆಗಲೇ ಕೇಳಿ ಮುಗಿಸಿರುತ್ತಾರೆ. "ಎಲ್ಲಿಂದ ಬಂತು ಅಂತ ತಿಳ್ಕೊಂಡು ನನಗೆಂತ ಆಗ್ಬೇಕು? ಇನ್ನು ಎಲ್ಲಿಗೆ ಹೋಗ್ಬೇಕು ಅಂತ ಹೇಳುವವ ಒಬ್ಬ ಬೇಕಲ್ಲ. ಅದಕ್ಕೆ ಯಾರೂ ಇಲ್ಲ" ಎನ್ನುತ್ತಾರೆ.

ಯಾರೂ ಇಲ್ಲದೆ ಹೋದರೆ ಏನಾಗುತ್ತದೆಂದು ಅವರಿಗೆ ಮನೆಯಲ್ಲಿಯೇ ತಿಳಿದದ್ದು. ತಮ್ಮ ಜಯಂತ್ ಇದೇ ಬಹರೈನಿನಲ್ಲಿ ಎಸಿ ರಿಪೇರಿ ಕೆಲಸದಲ್ಲಿದ್ದ. ೨೦೦೬ರಲ್ಲಿ ಅವನನ್ನೂ ಹೀಗೆಯೇ "ಅನ್‌ಫಿಟ್" ಎಂದು ವಿಮಾನ ಹತ್ತಿಸಿದರು. ಯಾಕೆಂದು ಕಂಪನಿ ಹೇಳಲಿಲ್ಲ, ಕೇಳಲು ಅಣ್ಣನಿಗೂ ತೋಚಲಿಲ್ಲ. ಶ್ವಾಸಕೋಶದಲ್ಲಿ ಕಲೆ ಇರಬೇಕು ಎಂದುಕೊಂಡರು. ಊರಿನಲ್ಲಿ ಮೂರು ವರ್ಷ ಜ್ವರದ ಗುಳಿಗೆ, ಕಷಾಯ, ಹರಕೆ. ಆ ಮೂರು ವರ್ಷವೂ ಬದುಕಿಸುವ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಿಜವಾದ ಕಾಯಿಲೆಯ ಹೆಸರು ಹೊರಬಿದ್ದ ಎಂಟನೆಯ ದಿನ ಜಯಂತ್ ತೀರಿಕೊಂಡ. ಹೆಂಡತಿ ನೀರಜಾಕ್ಷಿಯವರ ರಕ್ತ ಪರೀಕ್ಷೆ ಮಾಡಿಸಿದರೆ ಅಲ್ಲಿಯೂ ಎಚ್‌ಐವಿ. ಆಗ ಅವರಿಗೆ ಇಪ್ಪತ್ತೆಂಟು.

"ತಮ್ಮ ಕಾಯಿಲೆಯಿಂದ ಸತ್ತದ್ದಲ್ಲ" ಎಂದು ಕಿಟ್ಟಣ್ಣ ಹೇಳುವಾಗ ಹಗ್ಗ ಎಳೆಯುವ ಕೈ ಅಲ್ಲೇ ನಿಲ್ಲುತ್ತದೆ. "ಒಂದು ಮಾತು ಹೇಳದೆ ಕಳಿಸಿದ್ರಲ್ಲ, ಅದರಿಂದ ಸತ್ತದ್ದು. ನನಗೆ ಈಗ್ಲೂ ಅದೇ ಉರಿ."

ನೀರಜಾಕ್ಷಿ ಸಾಯಲಿಲ್ಲ. ಸಾಯುವ ಮಾತೇ ಇಲ್ಲ. ಹದಿನಾರು ವರ್ಷಗಳಿಂದ ದಿನಾ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೆ, ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದು ಹೋಗಿದೆ. ಮಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ಮೊದಲು ರವಿಕೆ ಹೊಲಿದರು. ಈಗ ಎಚ್‌ಐವಿ ಚಿಕಿತ್ಸಾ ಕೇಂದ್ರವೊಂದರಲ್ಲಿ ಹೊಸದಾಗಿ ಬಂದವರ ಕೈ ಹಿಡಿದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆದೊಯ್ಯುವ ಕೆಲಸ. ಫೋನಿನಲ್ಲಿ ಮಾತಾಡಿಸಿದಾಗ ಅವರು ಮೊದಲು ಹೇಳಿದ್ದು ಇಷ್ಟು: "ನನ್ನ ಹೆಸ್ರು ಹಾಗೇ ಹಾಕಿ. ಬದಲಾಯಿಸ್ಬೇಡಿ. ನಾನು ಯಾರ ಗಂಟೂ ಕದ್ದವಳಲ್ಲ."

ಅತ್ತ ನೀರಜಾಕ್ಷಿ, ಇತ್ತ ಕಿಟ್ಟಣ್ಣ. ನಡುವೆ ಹರಡಿದ ಸಮುದ್ರ ದಾಟಿಸುವ ಉಪಾಯವೊಂದು ಬೇಕಿತ್ತು. ಕಿಟ್ಟಣ್ಣ ಮೊದಲು ಮಾಡಿದ್ದು ಒಂದು ಚೀಟಿ. ಅನ್‌ಫಿಟ್ ಎಂದು ಹೊರಟವರ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಚಿಕಿತ್ಸಾ ಕೇಂದ್ರದ ವಿಳಾಸ, ಬಾಗಿಲು ತೆರೆಯುವ ಸಮಯ, ರೇಷನ್ ಕಾರ್ಡು ತರಬೇಕೆಂಬ ಸೂಚನೆ ಎಲ್ಲ ಬರೆದು ಅಂಟಿಸುತ್ತಿದ್ದರು. ಅಂಟಿಸಿದ ಮಾತನ್ನು ಕಿವಿಯಲ್ಲಿ ಹೇಳಿ ಕಳಿಸುತ್ತಿದ್ದರು. ಒಳ್ಳೆಯ ಕೆಲಸ ಮಾಡಿದೆನೆಂದು ಸಮಾಧಾನದಲ್ಲಿದ್ದರು.

೨೦೧೨ರಲ್ಲಿ ಪುತ್ತೂರು ಕಡೆಯ ಒಬ್ಬನ ಪೆಟ್ಟಿಗೆಗೂ ಹಾಗೆಯೇ ಅಂಟಿಸಿದರು. ಗಲ್ಫಿನ ಪೆಟ್ಟಿಗೆ ಊರಿನಲ್ಲಿ ಹೇಗೆ ತೆರೆಯುತ್ತದೆಂಬುದನ್ನು ಪೆಟ್ಟಿಗೆ ಕಟ್ಟುವವರೇ ಮರೆತಿದ್ದರು. ಅದನ್ನು ಯಾರೂ ಒಬ್ಬರೇ ತೆರೆಯುವುದಿಲ್ಲ. ಮನೆಯವರು, ನೆಂಟರು, ನೆರೆಯವರು ಚಾವಡಿಯಲ್ಲಿ ಸುತ್ತ ಕೂತು, ಭಾವ ಚೂರಿ ಹಿಡಿದು ಹಗ್ಗ ಕತ್ತರಿಸಿ, ಒಂದೊಂದೇ ವಸ್ತು ಎತ್ತಿ ತೋರಿಸುವುದು ಪದ್ಧತಿ. ಅವತ್ತು ಭಾವನ ಕೈಗೆ ಮೊದಲು ಸಿಕ್ಕಿದ್ದೇ ಆ ಚೀಟಿ. ಇಪ್ಪತ್ತು ಜನರ ಮುಂದೆ ಗಟ್ಟಿಯಾಗಿ ಓದಿಬಿಟ್ಟ. ಮರುದಿನ ಬೆಳಗಾಗುವಷ್ಟರಲ್ಲಿ ಆ ಮನುಷ್ಯ ಮನೆಯಲ್ಲಿರಲಿಲ್ಲ. ಎಲ್ಲಿದ್ದಾನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ಅವನ ಹೆಸ್ರು ನಾನೇ ಆರು ಕಡೆ ಬರ್ದದ್ದು. ಊರಿಗೆಲ್ಲ ಕಾಣುವ ಹಾಗೆ ಅವನ ಮಾನವನ್ನೂ ನಾನೇ ಬರ್ದು ಕಳಿಸಿದ ಹಾಗಾಯ್ತು" ಎಂದು ಕಿಟ್ಟಣ್ಣ ಹಣೆ ಚಚ್ಚಿಕೊಳ್ಳುತ್ತಾರೆ. ಚೀಟಿ ಓದಿದ ಭಾವನ ಮೇಲೆ, ಓಡಿಸಿದ ಮನೆಯವರ ಮೇಲೆ ಅವರಿಗೆ ಕೋಪವಿದೆ. ತಮ್ಮ ಮೇಲಿನ ಕೋಪ ಅದಕ್ಕಿಂತ ದೊಡ್ಡದು.

ಆಮೇಲೆ ಹುಟ್ಟಿದ್ದು ಪೊಟ್ಟಣ. ಅನ್‌ಫಿಟ್ ಆಗಿ ಹೋಗುವವನ ಪೆಟ್ಟಿಗೆಯಲ್ಲಿ ಚೀಟಿಯಿಲ್ಲ, ವಿಳಾಸವಿಲ್ಲ, ಕಾಯಿಲೆಯ ಸುದ್ದಿಯೇ ಇಲ್ಲ. ಅದರ ಬದಲು ಕಿಟ್ಟಣ್ಣನ ತಮ್ಮನ ಹೆಂಡತಿಗೆ ತಲುಪಿಸಬೇಕಾದ ಒಂದು ಪೊಟ್ಟಣವಿದೆ. ಹಗ್ಗ ಕಟ್ಟಿ ಆರೂ ಮೈಗೆ ನೀರಜಾಕ್ಷಿ, ಮಂಗಳೂರು ಎಂದು ಮನೆಯ ವಿಳಾಸ, ನಂಬರು ಬರೆದಿರುತ್ತದೆ. ಬೇರೆಯವರ ಪೊಟ್ಟಣವನ್ನು ಯಾವ ಭಾವನೂ ಬಿಚ್ಚುವುದಿಲ್ಲ, ಗಲ್ಫಿಗೆ ಹೋದವರ ಮನೆಗಳಲ್ಲಿ ಆ ಮರ್ಯಾದೆ ಇನ್ನೂ ಉಳಿದಿದೆ. ಮಾತ್ರವಲ್ಲ, ಅದು ಮನೆಯಲ್ಲಿ ಬಿದ್ದಿದ್ದರೆ ಅಮ್ಮಂದಿರಿಗೆ ನಿದ್ದೆ ಬರುವುದಿಲ್ಲ. ಕೊಟ್ಟು ಬಾ, ಕೊಟ್ಟು ಬಾ ಎಂದು ದಿನಾ ತಲೆ ತಿನ್ನುತ್ತಾರೆ. ತಲುಪಿಸಲು ಹೋದವನನ್ನು ನೀರಜಾಕ್ಷಿ ಕೂರಿಸಿ, ಚಹಾ ಕೊಟ್ಟು, ತಮ್ಮ ಕತೆಯನ್ನೇ ಹೇಳಿ, ಮರುದಿನ ಬೆಳಿಗ್ಗೆ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯುತ್ತಾರೆ. ಅಲ್ಲಿ ಮೊದಲಿಂದ ಪರೀಕ್ಷೆ. ಇದ್ದರೆ ಮಾತ್ರೆ ಶುರು.

ಪೊಟ್ಟಣದಲ್ಲಿ ಏನಿರುತ್ತದೆ? ಎರಡು ಸೋಪು, ಒಂದು ತಲೆನೋವಿನ ಎಣ್ಣೆಯ ಬಾಟಲಿ, ಒಂದು ಟಾರ್ಚು. ಹನ್ನೆರಡು ವರ್ಷಗಳಿಂದ ಅದೇ. "ಬಾವ, ನಮ್ಮ ಓಣಿಯಲ್ಲಿ ತಲೆನೋವು ಇರುವವರು ಮುಗಿದ್ರು. ಇನ್ನಾದ್ರೂ ಖರ್ಜೂರ ಕಳಿಸಿ" ಎಂದು ನೀರಜಾಕ್ಷಿ ಗೋಳಾಡುತ್ತಾರೆ. ಕಿಟ್ಟಣ್ಣ ಕೇಳುವುದಿಲ್ಲ. ಖರ್ಜೂರವಾದರೆ ದಾರಿಯಲ್ಲಿ ತಿಂದು ಮುಗಿಸುತ್ತಾರಂತೆ.

ಈವರೆಗೆ ಕೊಟ್ಟದ್ದು ಅರವತ್ತಮೂರು ಪೊಟ್ಟಣ. ತಲುಪಿದ್ದು ಐವತ್ತೊಂದು. ಹೆಸರುಗಳನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಸಂಖ್ಯೆ ಮಾತ್ರ ತಲೆಯಲ್ಲಿದೆ. ಐವತ್ತೊಂದರ ಬಗ್ಗೆ ಕೇಳಿದರೆ ಅವರ ಉತ್ತರ ಚುಟುಕು. "ಹನ್ನೆರಡು ಬರ್ಲಿಲ್ಲ" ಎನ್ನುತ್ತಾರೆ.

ಕಾಯಿಲೆ ಬರುವ ಮುಂಚೆ ತಡೆಯುವ ಕೆಲಸವೂ ಉಂಟು. ರೂಮುಗಳಲ್ಲಿ ಒಂಟಿಯಾಗಿರುವ ಹುಡುಗರು ಪೆಟ್ಟಿಗೆ ಕಟ್ಟಿಸುವ ನೆಪದಲ್ಲಿ ಬಂದು ಪಿಸುಗುಟ್ಟಿ ಕೇಳುವ ಪ್ರಶ್ನೆಗಳಿಗೆ ಕಿಟ್ಟಣ್ಣ ತಲೆಯೆತ್ತದೆ ಉತ್ತರ ಕೊಡುತ್ತಾರೆ. ಕಾಂಡೋಮ್ ಕೇಳಲು ನಾಚಿಕೆಪಡುವವರಿಗೆ ತಾವೇ ತಂದುಕೊಡುತ್ತಾರೆ. ಮೂಲೆಯ ಫಾರ್ಮಸಿಯ ಹುಡುಗ ಈ ಐವತ್ತೆಂಟರ ಮನುಷ್ಯನನ್ನು ಕಂಡಾಗಲೆಲ್ಲ ಒಂದು ನಮೂನೆ ನಗುತ್ತಾನೆ. "ನಗ್ಲಿ ಬಿಡಿ. ನಕ್ರೆ ನನ್ನ ಚರ್ಮ ಸವೆಯುದಿಲ್ಲ" ಎನ್ನುತ್ತಾರೆ. ಅಂಗಡಿಯ ಮಾಲೀಕ ರಮಾನಾಥರಿಗೆ ಇದೆಲ್ಲ ಗೊತ್ತಿದೆ. ಗೊತ್ತಿಲ್ಲದವರಂತೆ ಇರುವುದು ಅವರ ಕೊಡುಗೆ.

ಇನ್ನು ಇಲ್ಲಿನ ನಮ್ಮ ಕನ್ನಡಿಗರ ಸಂಘಗಳು. ಪ್ರತಿ ಡಿಸೆಂಬರ್ ಒಂದರಂದು, ಏಡ್ಸ್ ದಿನವೆಂದು, ಎಸಿ ಹಾಲ್‌ನಲ್ಲಿ ಜಾಗೃತಿ ಸಭೆ ನಡೆಯುತ್ತದೆ. ಎಲ್ಲರ ಎದೆಯ ಮೇಲೆ ಕೆಂಪು ರಿಬ್ಬನ್, ವೇದಿಕೆಯ ಮೇಲೆ ಹೂಗುಚ್ಛ, ಕೆಳಗೆ ಬಿರಿಯಾನಿ. ಮೆಟ್ಟಿಲ ಬಳಿ ಹಾಸಿಗೆ ಕಂಡವನೊಬ್ಬನನ್ನು ಒಂದು ವರ್ಷವಾದರೂ ಊಟಕ್ಕೆ ಕರೆದದ್ದಿಲ್ಲ. ಕಿಟ್ಟಣ್ಣ ಒಂದು ವರ್ಷ ಅಂಥ ಸಭೆಗೆ ಹೋಗಿ, ಊರಿನ ಚಿಕಿತ್ಸಾ ಕೇಂದ್ರಗಳ ವಿಳಾಸವನ್ನು ಸಂಘದ ಕ್ಯಾಲೆಂಡರಿನ ಹಿಂದೆ ಅಚ್ಚು ಹಾಕಿಸಬಹುದಲ್ಲ ಎಂದು ಕೇಳಿದರು. ಪದಾಧಿಕಾರಿಯೊಬ್ಬರು ಹೆಗಲ ಮೇಲೆ ಕೈಯಿಟ್ಟು, "ಕಿಟ್ಟಣ್ಣ, ಅದು ಫ್ಯಾಮಿಲಿಯವರ ಮನೆಯಲ್ಲಿ ತೂಗಾಡುವ ಕ್ಯಾಲೆಂಡರ್ ಅಲ್ವಾ" ಎಂದರು. ಕ್ಯಾಲೆಂಡರಿನ ಹಿಂದೆ ಆ ವರ್ಷ ಚಿನ್ನದಂಗಡಿಯ ಜಾಹೀರಾತು ಬಂತು. ಪತ್ರಿಕೆಗಳೂ ಕಡಿಮೆಯಿಲ್ಲ, ಹೂಗುಚ್ಛದ ಫೋಟೋ ಮಾತ್ರ ತಪ್ಪದೆ ಹಾಕಿದವು.

ಮತ್ತೆ ಅಂಗಡಿಗೆ, ಸುಹೈಬನ ಬಳಿಗೆ. ವ್ಯಾನು ಬರಲು ಅರ್ಧ ಗಂಟೆಯಿದೆ. ಕಿಟ್ಟಣ್ಣ ಫ್ಲಾಸ್ಕಿನಿಂದ ಚಹಾ ಸುರಿದು, ತಾವು ಎರಡು ಗುಟುಕು ಕುಡಿದು, ಅದೇ ಲೋಟವನ್ನು ಅವನಿಗೆ ಕೊಡುತ್ತಾರೆ. ಸುಹೈಬ್ ಲೋಟ ನೋಡುತ್ತಾನೆ, ಅವರನ್ನು ನೋಡುತ್ತಾನೆ.

"ಕುಡಿ ಮಾರಾಯ. ಆರ್ತದೆ."

ಕುಡಿದ ಮೇಲೆ ಅವನು ಬಾಯಿ ಬಿಡುತ್ತಾನೆ. ಸೆಪ್ಟೆಂಬರಿನಲ್ಲಿ ರಜೆಯ ಮೇಲೆ ಊರಿಗೆ ಹೋಗಿದ್ದ. ಹೆಂಡತಿ ಸಾಹಿರಾಗೆ ಈಗ ನಾಲ್ಕು ತಿಂಗಳು. ಮೊದಲ ಮಗು.

ಕಿಟ್ಟಣ್ಣನ ಮುಖ ಬದಲಾಗುತ್ತದೆ. "ಅವಳ ರಕ್ತ ಪರೀಕ್ಷೆ ಆಗಿದ್ಯಾ?"

"ಇಲ್ಲ. ಮೊದಲು ಒಮ್ಮೆ ಪೇಟೆಯ ಕ್ಲಿನಿಕ್ಕಿಗೆ ಹೋಗಿದ್ಲು, ಅಷ್ಟೆ. ಕಿಟ್ಟಣ್ಣ, ಅವಳಿಗೆ ನಾನು ಹೇಳುದಿಲ್ಲ. ಹೇಳಿದ್ರೆ ನಾನು ಸತ್ತ ಹಾಗೆ."

"ನೀನು ಸಾಯುದಿಲ್ಲ. ಮಾತ್ರೆ ತಿಂದ್ರೆ ನನಗಿಂತ ಹೆಚ್ಚು ಬದುಕ್ತಿ. ಆದ್ರೆ ಹೊಟ್ಟೆಯಲ್ಲಿ ಇರುವ ಮಗು ಎಂತ ಮಾಡಿದೆ ನಿನಗೆ?" ಕಿಟ್ಟಣ್ಣನ ದನಿ ಏರುತ್ತದೆ, ತಾವೇ ಗಮನಿಸಿ ಇಳಿಸುತ್ತಾರೆ. "ಕೇಳು. ಅವಳಿಗೆ ಇರ್ಲಿಕ್ಕೂ ಸಾಕು, ಇಲ್ಲದಿರ್ಲಿಕ್ಕೂ ಸಾಕು. ಇದ್ರೂ ಈಗ್ಲೇ ಮಾತ್ರೆ ಶುರು ಮಾಡಿದ್ರೆ ಮಗುವಿಗೆ ಬಾರದ ಹಾಗೆ ತಡೀಬಹುದು. ತಡ ಮಾಡಿದಷ್ಟು ಕಷ್ಟ. ನಾನು ಹೇಳುದಲ್ಲ, ಡಾಕ್ಟರೇ ಹೇಳುದು. ನಮ್ಮ ನೀರಜಾಕ್ಷಿ ಎಷ್ಟು ಜನ ತಾಯಂದಿರನ್ನು ಹಾಗೆ ದಾಟಿಸಿದ್ದಾಳೆ ಗೊತ್ತುಂಟಾ?"

ಕಿಟ್ಟಣ್ಣ ಕಪಾಟಿನಿಂದ ಕಟ್ಟಿಟ್ಟ ಪೊಟ್ಟಣ ತೆಗೆದು ಅವನ ಮಡಿಲಿಗೆ ಇಡುತ್ತಾರೆ. "ನನ್ನ ತಮ್ಮನ ಹೆಂಡತಿಗೆ. ಮಂಗಳೂರಿಗೆ. ಕೈಯಾರೆ ಮುಟ್ಟಿಸ್ಬೇಕು. ಮುಟ್ಟಿಸ್ತೀಯಾ?"

ಅವನು ಪೊಟ್ಟಣವನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಾನೆ. ಮೂರು ದಿನಗಳಿಂದ, ಈ ಅಂಗಡಿಗೆ ಬರುವವರೆಗೆ, ಯಾರೂ ಅವನ ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಹೂಂ ಎಂದು ತಲೆಯಾಡಿಸುತ್ತಾನೆ. ಪೊಟ್ಟಣವನ್ನು ಪೆಟ್ಟಿಗೆಯ ಮಧ್ಯದಲ್ಲಿಟ್ಟು ಕಿಟ್ಟಣ್ಣ ಹಗ್ಗ ಬಿಗಿಯುತ್ತಾರೆ. ಎಳೆಯಬೇಕಾದ ತುದಿ ಯಾವುದೆಂದು ಎರಡು ಸಲ ತೋರಿಸುತ್ತಾರೆ.

ಹೋದವರ ಮನೆಗೆ ಕಿಟ್ಟಣ್ಣ ಫೋನು ಮಾಡುವುದಿಲ್ಲ. ಫೋನು ಬಂದರೆ ಯಾರು, ಯಾಕೆ ಎಂದು ಕೇಳುವವರು ಹತ್ತು ಜನ. ಹಾಗಾಗಿ ಕಾಯುವುದೊಂದೇ. ಒಂದು ವಾರ ಸುದ್ದಿಯಿಲ್ಲ. ಹತ್ತು ದಿನ ಸುದ್ದಿಯಿಲ್ಲ. ಬೆಳಿಗ್ಗೆ ಪೆಟ್ಟಿಗೆ ಕಟ್ಟುವಾಗ ಫೋನನ್ನು ಪಕ್ಕದ ಸ್ಟೂಲಿನ ಮೇಲೆ ಮುಖ ಮೇಲಾಗಿ ಇಟ್ಟಿರುತ್ತಾರೆ. ನಾಲ್ಕು ತಿಂಗಳೆಂದಿದ್ದ, ಇನ್ನೇನು ಐದು ತುಂಬುತ್ತದೆಯಲ್ಲ ಎಂದು ಗೊಣಗುತ್ತಾರೆ. "ಹದಿಮೂರನೆಯದ್ದೂ ಹೋಯ್ತು" ಎಂದು ಒಮ್ಮೆ ಹಗ್ಗವನ್ನು ನೆಲಕ್ಕೆ ಒಗೆದದ್ದನ್ನು ರಮಾನಾಥರೂ ಕಂಡಿದ್ದಾರೆ.

ಹದಿನಾರನೆಯ ದಿನ ನೀರಜಾಕ್ಷಿಯ ಮನೆಯ ಬಾಗಿಲು ತಟ್ಟಿದ್ದು ಸುಹೈಬನಲ್ಲ. ಸಾಹಿರಾ, ಒಬ್ಬಳೇ, ಎರಡು ಬಸ್ಸು ಬದಲಿಸಿ ಬಂದವಳು. ಕೈಯಲ್ಲಿ ಪೊಟ್ಟಣ, ಹಗ್ಗ ಕೂಡ ಸಡಿಲಾಗಿಲ್ಲ. ಬಂದ ದಿನದಿಂದ ಗಂಡ ಕೋಣೆಯಿಂದ ಹೊರಗೆ ಬರುತ್ತಿಲ್ಲ, ಯಾಕೆಂದು ಹೇಳುತ್ತಿಲ್ಲ. ಪರರು ನಂಬಿ ಕೊಟ್ಟ ಅಮಾನತ್ತು ಮನೆಯಲ್ಲಿಟ್ಟುಕೊಂಡು ಕೂರುವುದು ಸರಿಯಲ್ಲವೆಂದು ಅತ್ತೆ ದಿನಾ ಹೇಳುತ್ತಾರೆ. ಅದಕ್ಕೇ ತಾನೇ ಮುಟ್ಟಿಸಲು ಬಂದೆನೆಂದಳು. ಅವಳಿಗೆ ಬೇರೇನೂ ತಿಳಿದಿರಲಿಲ್ಲ.

ನೀರಜಾಕ್ಷಿಗೆ ಬಂದ ಸಂಕಟ ಸಣ್ಣದಲ್ಲ. ಎದುರಿಗೆ ಕೂತವಳಿಗೆ ಎಲ್ಲಕ್ಕಿಂತ ಮೊದಲು ಆ ಮಾತು ತಿಳಿಯಬೇಕು. ಆದರೆ ಅದು ಸುಹೈಬನ ಗುಟ್ಟು. ಅವನ ಬೆನ್ನ ಹಿಂದೆ ಹೇಳಿದರೆ ಮಂದೂಬನಿಗೂ ತನಗೂ ಏನು ವ್ಯತ್ಯಾಸ? ಚಹಾ ಕೊಟ್ಟರು. ತನ್ನ ಗಂಡ ಬಹರೈನಿನಿಂದ ಹೇಗೆ ಬಂದ, ಯಾರೂ ಏನೂ ಹೇಳದೆ ಹೇಗೆ ಹೋದ, ತಾನು ಹೇಗೆ ಉಳಿದೆ ಎಂದು ತಮ್ಮದನ್ನು ಮಾತ್ರ ಹೇಳಿದರು. ಬೆಳಗಿನ ಮಾತ್ರೆಯ ಡಬ್ಬವನ್ನೂ ತೋರಿಸಿದರು. ಬಸುರಿಯರೆಲ್ಲರಿಗೂ ಮಾಡುವ ರಕ್ತ ಪರೀಕ್ಷೆ ನಿನಗೆ ಆಗಿದೆಯೇ ಎಂದು ಕೇಳಿದರು, ಇಲ್ಲವೆಂದಾಗ ತಡ ಮಾಡಬೇಡ ಎಂದರು. ಕೊನೆಗೆ, "ಪೊಟ್ಟಣ ಒಯ್ಯುವ ಜವಾಬ್ದಾರಿ ವಹಿಸಿದ್ದು ನಿನ್ನ ಗಂಡ. ಮುಟ್ಟಿಸಿದೆ ಅಂತ ನನ್ನ ಬಾವನಿಗೆ ಅವ್ನೇ ಹೇಳ್ಬೇಕು. ನಾಳೆ ಕರ್ಕೊಂಡು ಬಾ" ಎಂದು ಪೊಟ್ಟಣವನ್ನು ಹಿಂದಕ್ಕೆ ಕೊಟ್ಟರು.

ಸಾಹಿರಾ ದಡ್ಡಿಯಲ್ಲ. ಹಿಂದಿರುಗುವ ಬಸ್ಸಿನ ಎರಡು ಗಂಟೆ ಅವಳಿಗೆ ಸಾಕಾಯಿತು. ಮನೆಗೆ ಹೋಗಿ ಕೋಣೆಯ ಬಾಗಿಲು ಹಾಕಿ, ಪೊಟ್ಟಣವನ್ನು ಗಂಡನ ಮುಂದಿಟ್ಟು, ಈಗ ಹೇಳಿ ಎಂದಳು. ಅವನು ಹೇಳಿದ. ಎಲ್ಲವನ್ನೂ ಕೇಳಿ ಮುಗಿಸಿ ಅವಳು ಕೇಳಿದ್ದು ಒಂದೇ ಪ್ರಶ್ನೆಯಂತೆ. "ಹದಿನಾರು ದಿವಸ ಯಾಕೆ ದಂಡ ಮಾಡಿದ್ರಿ?" ಇದನ್ನು ಸುಹೈಬನೇ ಆಮೇಲೆ ಕಿಟ್ಟಣ್ಣನಿಗೆ ಫೋನಿನಲ್ಲಿ ಹೇಳಿದ್ದು, ಅಳುತ್ತ.

ಮರುದಿನ ಇಬ್ಬರೂ ಬಂದರು. ಇಬ್ಬರ ಒಪ್ಪಿಗೆಯಿಂದ ಇಬ್ಬರಿಗೂ ಪರೀಕ್ಷೆಯಾಯಿತು. ಇಬ್ಬರ ರಕ್ತದಲ್ಲೂ ಎಚ್‌ಐವಿ. ಆ ವಾರವೇ ಮಾತ್ರೆ ಶುರುವಾಯಿತು. ಸಾಹಿರಾ ಒಂದು ದಿನವೂ ತಪ್ಪಿಸಲಿಲ್ಲ. ಅಡುಗೆಮನೆಯ ಗಡಿಯಾರ ನಿಂತುಹೋದರೆ ಎಂದು ಫೋನಿನಲ್ಲೂ ಅಲಾರಂ ಇಟ್ಟುಕೊಂಡಳು. ಗಂಡನ ಮೇಲಿನ ಸಿಟ್ಟು ಇಳಿದಿದೆ ಎಂದು ಯಾರೂ ಹೇಳುವುದಿಲ್ಲ. ಅವನ ಮಾತ್ರೆಯನ್ನೂ ಅವಳೇ ಎಣಿಸಿ ಕೊಡುತ್ತಾಳೆ, ಬೈದುಕೊಂಡೇ ಕೊಡುತ್ತಾಳೆ. ಜೂನಿನಲ್ಲಿ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಮಗುವಿಗೂ ಕೆಲವು ವಾರ ಹನಿ ಔಷಧ.

ಇದೀಗ ಆಗಸ್ಟ್. ಗುದೈಬಿಯಾದಲ್ಲಿ ಬೆಳಗಿನ ಐದಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ. ಕಿಟ್ಟಣ್ಣ ಆರನೆಯ ಪೆಟ್ಟಿಗೆಯ ಮೇಲೆ ಮೊಣಕಾಲೂರಿದ್ದಾರೆ. ಸ್ಟೂಲಿನ ಮೇಲಿನ ಫೋನು ಗುಂಯ್‌ಗುಡುತ್ತದೆ. ಹಗ್ಗ ಹಲ್ಲಿನಲ್ಲಿ ಕಚ್ಚಿಕೊಂಡೇ ಸ್ಪೀಕರ್ ಒತ್ತುತ್ತಾರೆ. ಅತ್ತ ನೀರಜಾಕ್ಷಿಯ ದನಿ.

"ಬಾವ, ಮಗುವಿನ ಆರು ವಾರದ ಟೆಸ್ಟು ಬಂತು. ಇಲ್ಲ. ಮಗುವಿಗೆ ಇಲ್ಲ."

ಹಗ್ಗ ಹಲ್ಲಿನಿಂದ ಜಾರುತ್ತದೆ. ಒಂದೂವರೆ ವರ್ಷದವರೆಗೆ ಇನ್ನೂ ಕೆಲವು ಪರೀಕ್ಷೆಗಳಿವೆ, ತಾಯಿ ಮಾತ್ರೆ ಬಿಡಬಾರದು ಎಂದು ನೀರಜಾಕ್ಷಿ ಎಂದಿನ ಶಿಸ್ತಿನಲ್ಲಿ ಹೇಳುತ್ತ ಹೋಗುತ್ತಾರೆ. ಕಿಟ್ಟಣ್ಣನಿಗೆ ಅದೆಲ್ಲ ಕೇಳಿಸಿತೋ ಇಲ್ಲವೋ. ಕಪ್ಪು ಬೆರಳಿನಿಂದ ಕಣ್ಣೊರೆಸಿ ಕೆನ್ನೆಗೆಲ್ಲ ಮಸಿ ಮಾಡಿಕೊಳ್ಳುತ್ತಾರೆ. "ಮತ್ತೆ ಬಾವ, ಅವರು ಆ ಪೊಟ್ಟಣದ ಹಗ್ಗ ಕತ್ತರಿಸ್ಲಿಲ್ಲ. ನನ್ನೆದುರಿಗೇ ಸುಹೈಬ್ ಬಿಚ್ಚಿದ್ದು. ಪೆಟ್ಟಿಗೆಯ ಹಗ್ಗವೂ ಹಾಗೇ ಉಂಟಂತೆ, ಈಗ ಅದರಲ್ಲೇ ತೊಟ್ಟಿಲು ಕಟ್ಟಿದ್ದಾರಂತೆ, ನಿಮ್ಮದೇ ಗಂಟು" ಎಂದು ಅವರು ಹೇಳಿದಾಗ ಮಾತ್ರ ನಗುತ್ತಾರೆ.

ನಗು ನಿಂತ ಮೇಲೆ ಸಿಟ್ಟು ಮರಳುತ್ತದೆ. ಇಷ್ಟೆಲ್ಲ ಆದದ್ದು ಒಬ್ಬ ಅತ್ತೆಗೆ ಪರರ ಸಾಮಾನಿನ ಮೇಲೆ ಮರ್ಯಾದೆ ಇದ್ದದ್ದರಿಂದ, ಒಬ್ಬ ಬಸುರಿ ಎರಡು ಬಸ್ಸು ಹತ್ತಿದ್ದರಿಂದ. ಎರಡು ಸೋಪಿನ ಪೊಟ್ಟಣದ ಮೇಲೆ ಒಂದು ಮಗುವಿನ ಜೀವ ನಿಲ್ಲಬೇಕೇ? ರಕ್ತ ತೆಗೆಯುವಾಗ ತಪ್ಪದೆ ಹೆಸರು ಬರೆದುಕೊಳ್ಳುತ್ತಾರೆ, ಪಾಸ್‌ಪೋರ್ಟಿಗೆ ತಪ್ಪದೆ ಮುದ್ರೆ ಒತ್ತುತ್ತಾರೆ, ವಿಮಾನದ ಟಿಕೆಟನ್ನು ತಪ್ಪದೆ ಕೈಗೆ ಕೊಡುತ್ತಾರೆ. ನಿನಗೆ ಇಂಥದ್ದಿದೆ, ಇಲ್ಲಿಗೆ ಹೋಗು, ಸಾಯಬೇಡ ಎಂಬ ನಾಲ್ಕು ಸಾಲನ್ನು ಮಾತ್ರ ಯಾವ ಕಂಪನಿಯ ಪ್ರಿಂಟರೂ ಅಚ್ಚು ಹಾಕುವುದಿಲ್ಲ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಕಪಾಟಿನ ಕಡೆ ನೋಡುತ್ತಾರೆ. ಅಲ್ಲಿ ಅರವತ್ತೇಳನೆಯ ಪೊಟ್ಟಣ ಕಟ್ಟಿ ಸಿದ್ಧವಾಗಿದೆ, ಇನ್ನೂ ಯಾರದ್ದೆಂದು ಗೊತ್ತಿಲ್ಲ. ಹೊರಗೆ ವ್ಯಾನಿನ ಹಾರ್ನು ಕೇಳುತ್ತದೆ.

"ಒಂದೇ ಆಸೆ. ಈ ಪೊಟ್ಟಣದ ಕೆಲಸ ನನ್ನ ಕೈಯಿಂದ ತಪ್ಪಬೇಕು. ಆ ಹುಡುಗರ ಕೈಗೆ ಆಫೀಸಿನವರೇ ಸರಿಯಾದ ಒಂದು ಕಾಗದ ಕೊಡ್ಲಿ, ಮುಖ ನೋಡಿ ನಾಲ್ಕು ಮಾತು ಹೇಳ್ಲಿ. ಮತ್ತೆ ನಾನು ಬರೀ ಪೆಟ್ಟಿಗೆ ಕಟ್ಟಿಕೊಂಡು ಇರ್ತೇನೆ ಮಾರಾಯ್ರೆ." ಹಗ್ಗದ ತುದಿಯನ್ನು ಮತ್ತೆ ಹಲ್ಲಿಗೆ ಕಚ್ಚುವ ಮೊದಲು ಒಂದು ಮಾತು ಸೇರಿಸುತ್ತಾರೆ. "ಪೆಟ್ಟಿಗೆ ಚಂದ ಕಟ್ತೇನೆ, ನೋಡಿ ಬೇಕಾದ್ರೆ. ಒಂದೂ ದಾರಿಯಲ್ಲಿ ಬಿಚ್ಚಿ ಹೋದದ್ದಿಲ್ಲ."